ದನಕ್ಕೆ ಈಜು ಬರುತ್ತಾ?

ಹವಾಯಿಗೆ ಹೋಗುವಾಗ ಯಾರಾದರೂ ಸ್ವೆಟರ್ ಇಟ್ಟುಕೊಳ್ಳುತ್ತಾರಾ? ನಾವೂ ಇಟ್ಟುಕೊಂಡಿರಲಿಲ್ಲ. ಅಲ್ಲಿನ ಅತಿ ದೊಡ್ಡ ದ್ವೀಪ ಬಿಗ್ ಐಲ್ಯಾಂಡ್‌ನ ಕರಾವಳಿಯಿಂದ ಕಾರಿನಲ್ಲಿ ವೈಮೇಅ ಊರಿಗೆ ಹತ್ತಿದರೆ ಚಳಿಗಾಳಿ, ಜಿಟಿಜಿಟಿ ಮಳೆ. ಸುಮಾರು 800 ಮೀಟರ್ ಎತ್ತರ. ಸುತ್ತ ಹಸಿರು ಗುಡ್ಡ, ಗುಡ್ಡದ ತುಂಬ ದನ.

ಇದು 1847ರಲ್ಲಿ ಶುರುವಾದ, ದನ ಸಾಕುವ ಪಾರ್ಕರ್ ರ್‍ಯಾಂಚ್. ದನದ ಕಥೆ ಅದಕ್ಕಿಂತ ಹಳೆಯದು. 1793ರಲ್ಲಿ ಬ್ರಿಟಿಷ್ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ರಾಜ ಕಮೆಹಮೆಹನಿಗೆ ಒಂದಷ್ಟು ದನ ಕಾಣಿಕೆ ಕೊಟ್ಟ. ಸಂತತಿ ಬೆಳೆಯಲಿ ಅಂತ ರಾಜ ಅವನ್ನು ಕೊಲ್ಲಬಾರದು ಎಂದು ಕಟ್ಟಪ್ಪಣೆ ಮಾಡಿದ. ಬೆಳೆದವು ನೋಡಿ! ತೋಟ ತುಳಿದವು, ಜನರನ್ನು ಅಟ್ಟಾಡಿಸಿದವು. ನಮ್ಮ ಬೀದಿ ಬಸವ ಇವುಗಳ ಮುಂದೆ ಪಾಪದವನು. ಕೊನೆಗೆ ಈ ಕಾಡುದನಗಳ ಬೇಟೆಗೆ ಅಪ್ಪಣೆ ಪಡೆದವನು ಮ್ಯಾಸಚೂಸೆಟ್ಸ್‌ನಿಂದ ಹಡಗಿನಲ್ಲಿ ಬಂದಿದ್ದ ಜಾನ್ ಪಾಮರ್ ಪಾರ್ಕರ್. ರಾಜಮನೆತನದ ಕಿಪಿಕಾನೆಯನ್ನು ಮದುವೆಯಾಗಿ ಇಲ್ಲೇ ಉಳಿದ.

ಬರೀ ಬಂದೂಕಿದ್ದರೆ ದನ ಪಳಗುತ್ತದಾ? 1830ರ ದಶಕದಲ್ಲಿ, ಆಗ ಮೆಕ್ಸಿಕೋಗೆ ಸೇರಿದ್ದ ಕ್ಯಾಲಿಫೋರ್ನಿಯಾದಿಂದ ಕುದುರೆ ಸವಾರರನ್ನು ಕರೆಸಿದರು. ಅವರದು ‘ಎಸ್ಪಾನ್ಯೋಲ್’ ಭಾಷೆ. ಹವಾಯಿಯವರ ನಾಲಿಗೆಯಲ್ಲಿ ಅದು ‘ಪನಿಯೋಲೊ’ ಆಯಿತು. ದನ ಮೇಯಿಸುವವರ ಹೆಸರೇ ಅದಾಯಿತು. ನಾವು ಸಿನಿಮಾದಲ್ಲಿ ನೋಡುವ ಅಮೆರಿಕದ ಕೌಬಾಯ್‌ಗಳ ಕಾಲ ಶುರುವಾಗುವ ಮೊದಲೇ ಇವರು ಇಲ್ಲಿ ಕುಣಿಕೆ ಬೀಸುತ್ತಿದ್ದರು!

ಪಾರ್ಕರ್‌ನ ಹಳೇ ಮನೆ ‘ಮಾನಾ ಹಾಲೆ’ಯ ಒಳಗೆಲ್ಲ ಕೋಆ ಮರ. ಗೋಡೆ, ಚಾವಣಿ, ಎಲ್ಲ ಜೇನುಬಣ್ಣ. ಮೊದಲು ಗುಡ್ಡದ ಆಚೆ ಇದ್ದ ಮನೆಯ ಒಳಭಾಗವನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದಾರೆ. ನನಗೆ ಪಕ್ಕದ ದೊಡ್ಡ ಬಂಗಲೆಗಿಂತ ಇದೇ ಜಾಸ್ತಿ ಹಿಡಿಸಿತು.

ಪೇಟೆಯಲ್ಲಿ ಇಕುವಾ ಪರ್ಡಿ ಎಂಬ ಪನಿಯೋಲೊನ ಕಂಚಿನ ಪ್ರತಿಮೆ ಇದೆ. 1908ರಲ್ಲಿ ವಯೋಮಿಂಗ್‌ನ ಷೈಯೆನ್‌ಗೆ ಹೋಗಿ, ಎರವಲು ಕುದುರೆ ಹತ್ತಿ, 56 ಸೆಕೆಂಡಿನಲ್ಲಿ ಹೋರಿಗೆ ಹಗ್ಗ ಬೀಸಿ ಕಟ್ಟಿ ಸ್ಪರ್ಧೆ ಗೆದ್ದವನು. ಅಲ್ಲಿನ ಘಟಾನುಘಟಿಗಳ ಮುಖ ಹೇಗಾಗಿರಬೇಡ!

ವಾಪಸಾಗುವಾಗ ಕವೈಹಾಯೆ ಬಂದರಿನಲ್ಲಿ ನಿಂತೆವು. ಹಿಂದೆ ಇಲ್ಲಿ ಧಕ್ಕೆ ಇರಲಿಲ್ಲ. ಪನಿಯೋಲೊಗಳು ಕುದುರೆ ಸಮೇತ ಸಮುದ್ರಕ್ಕಿಳಿದು ದನಗಳನ್ನು ಈಜಿಸುತ್ತಿದ್ದರು. ಸಣ್ಣ ದೋಣಿಯ ಅಂಚಿಗೆ ತಲೆ ಕಟ್ಟಿ, ಹಡಗಿನ ಬಳಿಗೆ ಒಯ್ದು, ಹೊಟ್ಟೆಗೆ ಪಟ್ಟಿ ಹಾಕಿ ಮೇಲೆತ್ತುತ್ತಿದ್ದರು.

“ಅಪ್ಪಾ, ದನಕ್ಕೆ ಈಜು ಬರುತ್ತಾ?” ಅಂದ ಮಗ.

“ಬರುತ್ತೆ ಕಣೋ. ನನಗೇ ಬರಲ್ಲ.”