ಟೆಸ್ಲಾ ಕಾಯಿಲ್ ಕೆಲಸ: ಕಿಡಿಗಿಂತ ಮೊದಲು ಪವರ್ ಸಪ್ಲೈ

ಟೆಸ್ಲಾ ಕಾಯಿಲ್ ಅಂದರೆ ಬಹಳ ಹೆಚ್ಚಿನ ವೋಲ್ಟೇಜ್ ಹುಟ್ಟಿಸಿ ಗಾಳಿಯಲ್ಲಿ ಉದ್ದ ಕಿಡಿ ಹಾರಿಸುವ ಸಾಧನ. ಅದರ ಸೆಕೆಂಡರಿ (ಕಿಡಿ ಬಿಡುವ ಮೇಲಿನ ಸುರುಳಿ) ಸುತ್ತಿ, ವಾರ್ನಿಷ್ ಹಚ್ಚಿ ಒಣಗಲು ಇಟ್ಟಿದ್ದೇನೆ. ಅದರ ಫೋಟೊ ಕೇಳುವವರು ಬಹಳ. ಆದರೆ ಈ ಸಲ ಬರೆಯುವುದೆಲ್ಲ ಕೆಳಗಿನ ಡಬ್ಬಿಯ, ಅಂದರೆ ಪವರ್ ಸಪ್ಲೈಯ ಬಗ್ಗೆ. ಮೇಲಿನ ಕಿಡಿ ಕಣ್ಣಿಗೆ ಕಾಣುತ್ತದೆ, ಸದ್ದು ಮಾಡುತ್ತದೆ, ಅದಕ್ಕೆ ಜನ ತಾವಾಗಿಯೇ ದೂರ ನಿಲ್ಲುತ್ತಾರೆ. ಕೆಳಗೆ 325 ವೋಲ್ಟ್ ಹಿಡಿದುಕೊಂಡು ಕೂತ ಕೆಪಾಸಿಟರ್ (ಚಾರ್ಜ್ ತುಂಬಿಟ್ಟುಕೊಳ್ಳುವ ಭಾಗ) ಸ್ವಿಚ್ ಆರಿಸಿದ ಮೇಲೂ ಹಾಗೇ ಕೂತಿರುತ್ತದೆ. ಹಾಗಾಗಿ ಈ ಸಪ್ಲೈ ಹೇಗೆ ತುಂಬಬೇಕು ಅನ್ನುವುದಕ್ಕಿಂತ ಮೊದಲು ಹೇಗೆ ಖಾಲಿಯಾಗಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಂಡೆ.

ನನ್ನದು ಐಜಿಬಿಟಿ (ದೊಡ್ಡ ಕರೆಂಟನ್ನು ಬೇಗ ಬೇಗ ಸ್ವಿಚ್ ಮಾಡುವ ಟ್ರಾನ್ಸಿಸ್ಟರ್) ಬ್ರಿಡ್ಜ್ ಇರುವ ಸಣ್ಣ ಡಿಆರ್‌ಎಸ್‌ಎಸ್‌ಟಿಸಿ, ಅಂದರೆ ಟ್ರಾನ್ಸಿಸ್ಟರಿನಿಂದ ನಡೆಯುವ ಒಂದು ಬಗೆಯ ಟೆಸ್ಲಾ ಕಾಯಿಲ್. 230 ವೋಲ್ಟ್ ಎಸಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ಮೇನ್ಸ್‌ಗೆ ನೇರ ಸಂಪರ್ಕ ಇಲ್ಲದಂತೆ ಮಾಡುವುದು) ದಾಟಿ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿಗೆ ಹೋದರೆ 325 ವೋಲ್ಟ್ ಡಿಸಿ ಬರುತ್ತದೆ. ವೋಲ್ಟೇಜ್ ಎರಡು ಪಟ್ಟು ಮಾಡುವ ಡಬ್ಲರ್ ಹಾಕಿದ್ದರೆ 650 ಸಿಗುತ್ತಿತ್ತು, ಕಿಡಿಯೂ ಉದ್ದ ಆಗುತ್ತಿತ್ತು. ಮನೆಯೊಳಗೆ ಇಟ್ಟುಕೊಳ್ಳುವ ಸಾಮಾನಿಗೆ ಅದು ಬೇಡ ಎಂದು ಬಿಟ್ಟೆ. ರಾತ್ರಿ ಹೊತ್ತು ಲೈನ್ 250ಕ್ಕೆ ಏರಿದರೆ ಡಿಸಿ 353 ಆಗುತ್ತದೆ. ಅಂಗಡಿಯಲ್ಲಿ 400 ವೋಲ್ಟಿನ ಕೆಪಾಸಿಟರ್ ಆಗಲೇ ಸಿಗುತ್ತಿತ್ತು, ಆದರೂ ಕಾದು 450 ವೋಲ್ಟಿನದನ್ನೇ ತರಿಸಿಕೊಂಡೆ. ಸ್ಕ್ರೂ ಟರ್ಮಿನಲ್ ಇರುವ 1000 ಮೈಕ್ರೊಫ್ಯಾರಡ್, ಒಂದೇ ಒಂದು. ಅದರಲ್ಲಿ ತುಂಬುವ ಶಕ್ತಿ ಸುಮಾರು 53 ಜೂಲ್.

ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಅಲ್ಲಿಯ ಕಾಕಾ ನನ್ನ ಸರ್ಕಿಟ್ ಚಿತ್ರ ನೋಡಿ, "ತಮ್ಮಾ, ಸ್ಕ್ರೂಡ್ರೈವರ್ ಹಚ್ಚಿ ಚಟ್ ಅನಿಸಿದ್ರ ಮುಗೀತಲ್ಲೋ, ಅದಕ್ಕ ಇಷ್ಟೆಲ್ಲಾ ಯಾಕ?" ಅಂದರು.

"ಫ್ಯಾನಿನ ಕಂಡೆನ್ಸರಿಗೆ ಅದು ಖರೆ ಐತ್ರಿ ಕಾಕಾ. ಅದು ಎರಡೂವರಿ ಮೈಕ್ರೊಫ್ಯಾರಡ್. ಇದು ಅದರ ನಾನೂರು ಪಟ್ಟು."

ಕಾಕಾ ಕೆಪಾಸಿಟರ್ ಕೈಯಾಗ ಹಿಡಿದು, ತೂಗಿ ನೋಡಿ, "ಹಂಗಾರ ಹುಡುಗರ ಕೈಗೆ ಸಿಗೂ ಹಂಗ ಇಡಬ್ಯಾಡ" ಅಂದರು. ಅವರ ಮಾತು ಸರಿ. ಇಷ್ಟು ದೊಡ್ಡ ಕೆಪಾಸಿಟರಿಗೆ ಸ್ಕ್ರೂಡ್ರೈವರ್ ಹಚ್ಚಿದರೆ ಕ್ಷಣಮಾತ್ರಕ್ಕೆ ನೂರಾರು ಆಂಪಿಯರ್ ಹರಿದು, ತುದಿ ಕರಗಿ, ಕಾದ ಲೋಹ ಕಣ್ಣಿಗೆ ಸಿಡಿಯಬಹುದು.

ಖಾಲಿ ಮಾಡುವುದಕ್ಕೆ ಎರಡು ದಾರಿ ಕೊಟ್ಟಿದ್ದೇನೆ. ಮೊದಲನೆಯದು ಯಾವಾಗಲೂ ಜೋಡಿಸಿಯೇ ಇರುವ ಬ್ಲೀಡರ್, ಅಂದರೆ ಚಾರ್ಜನ್ನು ಮೆಲ್ಲಗೆ ಇಳಿಸುವ ರೆಸಿಸ್ಟರ್. 22 ಕಿಲೋ ಓಮಿನ 10 ವಾಟ್ ರೆಸಿಸ್ಟರ್ ಎರಡನ್ನು ಸಾಲಾಗಿ ಜೋಡಿಸಿದ ಸರ. ಅಂಥ ಸರ ಎರಡು, ಒಂದರ ಪಕ್ಕ ಒಂದು. ಒಂದೊಂದು ರೆಸಿಸ್ಟರಿಗೆ ಬೀಳುವ ಭಾರ 1.2 ವಾಟ್ ಮಾತ್ರ, ಗಂಟೆಗಟ್ಟಲೆ ಹಚ್ಚಿಟ್ಟರೂ ಸುಡುವುದಿಲ್ಲ. ಎರಡೂ ಸರ ಸರಿ ಇದ್ದರೆ 325ರಿಂದ 50 ವೋಲ್ಟಿಗೆ ಇಳಿಯಲು 41 ಸೆಕೆಂಡ್, ಒಂದು ಕಡಿದರೆ 82. ನಿಧಾನ ಆಗುತ್ತದೆ, ಆದರೆ ನಿಲ್ಲುವುದಿಲ್ಲ. ಇವನ್ನು ಪಿಸಿಬಿ ಮೇಲೆ ಇಡದೆ ಕೆಪಾಸಿಟರಿನ ಸ್ಕ್ರೂಗಳಿಗೇ ನೇರವಾಗಿ ಬಿಗಿದೆ. ನಡುವೆ ಒಂದು ವೈರ್ ಇದ್ದು ಅದು ಕಳಚಿದರೆ ಬ್ಲೀಡರ್ ಇದ್ದೂ ಇಲ್ಲದಂತೆ.

ಎರಡನೆಯದು ಬೇಗ ಇಳಿಸುವುದು. 470 ಓಮಿನ ಅಲ್ಯೂಮಿನಿಯಂ ಮೈಯ ರೆಸಿಸ್ಟರ್ ಕಾಂಟ್ಯಾಕ್ಟರಿನ (ಕಾಯಿಲ್‌ನಿಂದ ಎಳೆಯುವ ದೊಡ್ಡ ಸ್ವಿಚ್) ಎನ್‌ಸಿ ಕಾಂಟ್ಯಾಕ್ಟ್, ಅಂದರೆ ಕರೆಂಟ್ ಇಲ್ಲದಾಗ ಕೂಡಿಕೊಂಡೇ ಇರುವ ಕಾಂಟ್ಯಾಕ್ಟ್, ಮೂಲಕ ಕೆಪಾಸಿಟರಿಗೆ ಸೇರಿದೆ. ಕರೆಂಟ್ ಹೋಗಲಿ, ಸ್ವಿಚ್ ಆರಿಸಲಿ, ಡಬ್ಬಿಯ ಮುಚ್ಚಳ ತೆಗೆಯಲಿ (ಮುಚ್ಚಳಕ್ಕೆ ಮೈಕ್ರೊಸ್ವಿಚ್ ಇದೆ), ಕಾಂಟ್ಯಾಕ್ಟರ್ ಬಿಟ್ಟುಕೊಂಡು ಒಂದು ಸೆಕೆಂಡಿನೊಳಗೆ 50 ವೋಲ್ಟಿಗಿಂತ ಕೆಳಗೆ ತರುತ್ತದೆ. ಇಲ್ಲಿ ಸಾಮಾನ್ಯ ರಿಲೇ ಹಾಕಬೇಡಿ. ಅದರ ಮೈಮೇಲೆ 10 ಆಂಪಿಯರ್ 250 ವೋಲ್ಟ್ ಎಸಿ ಎಂದು ಬರೆದಿರುತ್ತದೆ. ಪಕ್ಕದಲ್ಲೇ ಸಣ್ಣಕ್ಷರದಲ್ಲಿ 30 ವೋಲ್ಟ್ ಡಿಸಿ ಎಂದೂ ಇರುತ್ತದೆ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ, ಡಿಸಿಗೆ ಆ ಬಿಡುವಿಲ್ಲ. ಕರೆಂಟ್ ಹೋಗಿ ಅರೆಕ್ಷಣದಲ್ಲಿ ಮತ್ತೆ ಬಂದರೆ ಕಾಂಟ್ಯಾಕ್ಟ್ ತುಂಬಿದ ವೋಲ್ಟೇಜಿನಲ್ಲೇ ಬಿಡಬೇಕಾಗುತ್ತದೆ. ಅದಕ್ಕೆ ಎರಡು ಎನ್‌ಸಿ ಕಾಂಟ್ಯಾಕ್ಟ್‌ಗಳನ್ನು ಸಾಲಾಗಿ ಹಾಕಿದ್ದೇನೆ.

ಆ ಕಾಂಟ್ಯಾಕ್ಟ್ ಅಂಟಿಕೊಂಡೇ ಉಳಿದರೆ? 470 ಓಮಿನ ಮೇಲೆ 325 ವೋಲ್ಟ್ ಬಿದ್ದರೆ 225 ವಾಟ್, ರೆಸಿಸ್ಟರ್ ಸುಟ್ಟು ಹೋಗುತ್ತದೆ. ಇದಕ್ಕೆ ಕಾವಲು ಪ್ರೀಚಾರ್ಜ್. ಕೆಪಾಸಿಟರ್ ಮೊದಲು 100 ಓಮ್ ಮೂಲಕವೇ ತುಂಬಬೇಕು; 300 ವೋಲ್ಟ್ ದಾಟಿದರೆ ಮಾತ್ರ ಆ 100 ಓಮನ್ನು ಬೈಪಾಸ್ ಮಾಡುವ ರಿಲೇ ಎಳೆಯುತ್ತದೆ. ಕಾಂಟ್ಯಾಕ್ಟ್ ಅಂಟಿದ್ದರೆ ವೋಲ್ಟೇಜ್ 268ರ ಮೇಲೆ ಏರುವುದೇ ಇಲ್ಲ, ಟೈಮರ್ ಎಲ್ಲವನ್ನೂ ಕಡಿಯುತ್ತದೆ. ಖಾಲಿ ಕೆಪಾಸಿಟರ್ ಒಮ್ಮೆಲೇ ಕರೆಂಟ್ ಎಳೆದು ಎಂಸಿಬಿ ಬೀಳದ ಹಾಗೆ ನೋಡಿಕೊಳ್ಳುವ ಕೆಲಸವೂ ಇದರಲ್ಲೇ ಆಯಿತು.

ಮೀಟರ್ ಬಗ್ಗೆ ಒಂದು ಮಾತು. ನಿಯಾನ್ ಬಲ್ಬ್ 60 ವೋಲ್ಟ್ ಆಸುಪಾಸಿನಲ್ಲೇ ಆರುತ್ತದೆ, ಅದು ಆರಿತೆಂದು ಕೈ ಹಾಕುವಂತಿಲ್ಲ. ಡಿಜಿಟಲ್ ಪ್ಯಾನಲ್ ಮೀಟರಿಗೆ ಬೇರೆ ಕರೆಂಟ್ ಬೇಕು. ಮೇನ್ಸ್ ಹೋದಾಗ, ಅಂದರೆ ಅದು ಬೇಕೇ ಬೇಕಾದ ಹೊತ್ತಿಗೆ, ಕಣ್ಣು ಮುಚ್ಚಿಬಿಡುತ್ತದೆ. ಗುಜರಿಯಲ್ಲಿ ಸಿಕ್ಕ ಮುಳ್ಳಿನ ಮೀಟರ್, 0ದಿಂದ 500 ವೋಲ್ಟಿನದು, ಕೆಪಾಸಿಟರಿನ ಶಕ್ತಿಯಿಂದಲೇ ನಡೆಯುತ್ತದೆ. ಮುಳ್ಳು ಇಳಿಯುವುದನ್ನು ಕಣ್ಣಾರೆ ನೋಡಬಹುದು. ಮನೆಯ ಆರ್‌ಸಿಸಿಬಿಯನ್ನು (ಅರ್ಥಿಗೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ನಂಬಿ ಕೂರಬೇಡಿ: ಕೆಪಾಸಿಟರಿನ ಎರಡು ಟರ್ಮಿನಲ್ ನಡುವೆ ಸಿಕ್ಕಿದ ಕೈ ಅದಕ್ಕೆ ಗೊತ್ತೇ ಆಗುವುದಿಲ್ಲ.

ಸೆಕೆಂಡರಿಯ ಬುಡಕ್ಕೆ ಮನೆಯ ಅರ್ಥ್ ಕೊಡದೆ ಬೇರೆ ತಾಮ್ರದ ರಾಡ್ ಹೊಡೆದಿದ್ದೇನೆ. ಹುಬ್ಬಳ್ಳಿಯ ಎರಿ ಮಣ್ಣು ಹಸಿ ಇದ್ದಾಗ ಅರ್ಥಿಂಗಿಗೆ ಬಹಳ ಚಲೋ. ಬ್ಯಾಸಗಿಯಲ್ಲಿ ಬಿರುಕು ಬಿಟ್ಟು ರಾಡಿನ ಸುತ್ತ ಸಂದು ಮಾಡಿಕೊಳ್ಳುತ್ತದೆ. ಸುತ್ತ ಇದ್ದಿಲು, ಉಪ್ಪು ತುಂಬಿದೆ, ಚಾಲೂ ಮಾಡುವ ಹಿಂದಿನ ದಿನ ಕೊಡ ನೀರು ಹಾಕುತ್ತೇನೆ.

ಈಗ ಅಳತೆ. ಕಾಂಟ್ಯಾಕ್ಟರಿನ ದಾರಿ ಬಿಡಿಸಿ ಬರೀ ಬ್ಲೀಡರ್ ಮೇಲೆ 50 ವೋಲ್ಟಿಗೆ ಬರಲು 45 ಸೆಕೆಂಡ್ ಹಿಡಿಯಿತು. ಕೆಪಾಸಿಟರ್ ಬರೆದಿರುವುದಕ್ಕಿಂತ ತುಸು ದೊಡ್ಡದಿದೆ, ಅಷ್ಟು ವ್ಯತ್ಯಾಸ ಇಂಥವುಗಳಲ್ಲಿ ಇದ್ದದ್ದೇ. ಒಂದು ಸರ ಬಿಚ್ಚಿದಾಗ 90. ಇದೇ ಜಾತಿಯ ಇನ್ನೊಂದು ಕೆಪಾಸಿಟರನ್ನು ಪೂರ್ತಿ ಖಾಲಿ ಮಾಡಿ ಮೇಜಿನ ಮೇಲೆ ಇಟ್ಟಿದ್ದೆ. ಬೆಳಿಗ್ಗೆ 14 ವೋಲ್ಟ್ ತೋರಿಸಿತು. ಒಳಗಿನ ಡೈಎಲೆಕ್ಟ್ರಿಕ್ ಹೀರಿಕೊಂಡ ಚಾರ್ಜ್ ಮೆಲ್ಲಗೆ ವಾಪಸ್ ಬರುತ್ತದೆ. ಬಿಡಿಯಾಗಿ ಇಟ್ಟ ಕೆಪಾಸಿಟರಿನ ಟರ್ಮಿನಲ್ಲುಗಳಿಗೆ ಈಗ ತಂತಿ ಸುತ್ತಿ ಇಡುತ್ತೇನೆ.

ಮುಂದೆ ಐಜಿಬಿಟಿ ಬ್ರಿಡ್ಜ್ ಕೂಡಿಸುವುದು. ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್ ಆದ ವೇರಿಯಾಕ್‌ನಿಂದ 40 ವೋಲ್ಟಿನಲ್ಲಿ ಶುರು ಮಾಡಿ ಗೇಟ್ ಸಿಗ್ನಲ್ ನೋಡಿಕೊಂಡು ಏರಿಸುತ್ತೇನೆ.