ಆಂಪ್ ಕೊಡುವ ಮುಂಚೆ ರಬ್ಬರ್ ಬದಲಿಸಿ ನೋಡುತ್ತೇನೆ

ಮೈಸೂರಿನ ದೇವರಾಜ ಅರಸು ರಸ್ತೆಯ ಹತ್ತಿರ ಒಂದು ಆಡಿಯೋ ಅಂಗಡಿಯಲ್ಲಿ ನನ್ನ ಕೆಲಸ. ಬೆಳಿಗ್ಗೆ ಹಿಂದಿನ ರಿಪೇರಿ ಟೇಬಲ್, ಮಧ್ಯಾಹ್ನದ ಮೇಲೆ ಕೌಂಟರ್. ಹನ್ನೊಂದು ವರ್ಷ ಆಯ್ತು. ಈ ಹನ್ನೊಂದು ವರ್ಷದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಒಬ್ಬ ಗಿರಾಕಿ ವಾಪಸ್ ತಂದುಕೊಟ್ಟ ಒಂದು ಡಬ್ಬಿ.

ಮಂಡ್ಯದ ಹುಡುಗ. ದಿನಾ ರೈಲಲ್ಲಿ ಮೈಸೂರಿಗೆ ಬಂದು ಹೋಗುತ್ತಾನೆ. ಹಾಡು ಕೇಳುವುದೆಂದರೆ ಅವನಿಗೆ ಪ್ರಾಣ. ಒಳ್ಳೆಯ ವೈರ್ ಇಯರ್‌ಫೋನ್ ಕೊಂಡಿದ್ದ. ಒಂದೊಂದು ಕಿವಿಗೂ ನಾಲ್ಕು ಪುಟ್ಟ ಡ್ರೈವರ್, ಅಂದರೆ ಸದ್ದು ಹೊರಡಿಸುವ ಭಾಗ, ಇರುವಂಥದ್ದು. ಬಂದವನೇ, 'ಬೇಸೇ ಬರ್ತಿಲ್ಲ ಕಣಣ್ಣ. ಫೋನಲ್ಲಿ ಪವರ್ ಸಾಲ್ತಿಲ್ಲ ಅಂತ ಕಾಣ್ತದೆ. ಒಂದು ಆಂಪ್ ಕೊಡಿ' ಅಂದ. ಆಂಪ್ ಅಂದರೆ ಆಂಪ್ಲಿಫೈಯರ್, ಸೌಂಡಿಗೆ ಪವರ್ ಹೆಚ್ಚಿಸುವ ಸಾಧನ. ನಾನು ಬ್ಯಾಟರಿ ಮೇಲೆ ನಡೆಯುವ ಪೋರ್ಟಬಲ್ ಆಂಪ್ ಒಂದನ್ನು ತೆಗೆದು, ಎಷ್ಟು ಪಟ್ಟು ಜೋರು ಮಾಡಬೇಕು ಅಂತ ಆರಿಸುವ ಗೇನ್ ಸ್ವಿಚ್ಚನ್ನು 'ಹೈ'ಗೆ ತಳ್ಳಿ, ಹಾಡು ಹಾಕಿ ಕೊಟ್ಟೆ. ಅವನ ಮುಖ ಅರಳಿತು. ಮೂರು ತಿಂಗಳಿಂದ ಕೂಡಿಟ್ಟಿದ್ದ ದುಡ್ಡು ಎಣಿಸಿ ಕೊಟ್ಟು ಹೋದ.

ನಾಲ್ಕನೇ ದಿನ ಡಬ್ಬಿ ಸಮೇತ ಬಂದ. ಸಿಟ್ಟು ಮಾಡಲಿಲ್ಲ. 'ಹಾಡು ನಿಂತಾಗ ಸುಯ್ ಅಂತ ಸದ್ದು ಬರ್ತದಣ್ಣ. ರೈಲಲ್ಲಿ ಬೇಸೂ ಇಲ್ಲ. ನನ್ ಕಿವಿನೇ ಸರಿ ಇಲ್ವೇನೋ' ಅಂದ. ಆ ಕೊನೇ ಮಾತು ನನ್ನನ್ನು ಚುಚ್ಚಿತು. ತಪ್ಪು ನನ್ನದು, ಅನುಮಾನ ಅವನಿಗೆ ತನ್ನ ಕಿವಿಯ ಮೇಲೆ. ನಮ್ಮ ಯಜಮಾನರು ಪೂರ್ತಿ ದುಡ್ಡು ವಾಪಸ್ ಕೊಟ್ಟರು. ಆ ಆಂಪ್ ಅನ್ನು ನಾನು ಟೇಬಲ್ ಮೇಲೆ ಇಟ್ಟುಕೊಂಡೆ. ಎಲ್ಲಿ ಎಡವಿದೆ ಅಂತ ತಿಳಿಯದೆ ಅದನ್ನು ಮತ್ತೆ ಶೆಲ್ಫಿಗೆ ಇಡಲು ಮನಸ್ಸು ಬರಲಿಲ್ಲ.

ಮೊದಲು ರಬ್ಬರ್. ಇಯರ್‌ಫೋನಿನ ತುದಿಗೆ ಹಾಕುವ ಸಿಲಿಕಾನ್ ಟಿಪ್‌ಗೆ ನಮ್ಮ ಕಡೆ ಎಲ್ಲರೂ ಹೇಳುವುದು ರಬ್ಬರ್ ಅಂತಲೇ. ಅವನದರಲ್ಲಿ ಕಂಪನಿಯಿಂದ ಬಂದ ನಡುವಿನ ಸೈಜು ಹಾಗೇ ಇತ್ತು. ಕಿವಿಗೆ ಸಡಿಲ. ಇಯರ್‌ಫೋನಿನ ಡ್ರೈವರ್ ಬಹಳ ಚಿಕ್ಕದು. ಅದು ಬೇಸ್ ಕೊಡಬೇಕಾದರೆ ಅದರ ಮತ್ತು ಕಿವಿತಮಟೆಯ ನಡುವಿನ ಗಾಳಿ ಪೂರ್ತಿ ಮುಚ್ಚಿರಬೇಕು. ಎಲ್ಲೋ ಕೂದಲೆಳೆಯಷ್ಟು ಸಂದಿ ಬಿಟ್ಟರೂ ಕೆಳಗಿನ ಸ್ವರಗಳ ಒತ್ತಡ ಅಲ್ಲಿಂದ ಸೋರಿಹೋಗುತ್ತದೆ. ಮೇಲಿನ ಸ್ವರ ಮಾತ್ರ ಚೆನ್ನಾಗೇ ಕೇಳುತ್ತದೆ. ಹಾಗಾಗಿ ಕೇಳುವವನಿಗೆ ಸೋರುತ್ತಿದೆ ಅಂತ ಹೊಳೆಯುವುದಿಲ್ಲ, ಪವರ್ ಸಾಲದು ಅನ್ನಿಸುತ್ತದೆ. ಸೋರುವ ಕೊಡಕ್ಕೆ ದೊಡ್ಡ ಮೋಟಾರಿನಿಂದ ನೀರು ಬಿಟ್ಟ ಹಾಗಾಯಿತು ನಾನು ಮಾಡಿದ್ದು.

ರೈಲಿನ ಕಥೆಯೂ ಇದಕ್ಕೇ ಸೇರುತ್ತದೆ. ರೈಲಿನ ಗಡಗಡ, ಬಸ್ಸಿನ ಇಂಜಿನ್ ಸದ್ದು, ಎರಡೂ ಕೆಳಗಿನ ಸ್ವರದ ಗದ್ದಲ. ಅದು ಹಾಡಿನ ಬೇಸನ್ನೇ ಮೊದಲು ಮುಚ್ಚಿಹಾಕುತ್ತದೆ. ರಬ್ಬರ್ ಸರಿಯಾಗಿ ಕೂತರೆ ಒಳಗಿನ ಬೇಸ್ ಉಳಿಯುತ್ತದೆ, ಹೊರಗಿನ ಗಡಗಡವೂ ಕಡಿಮೆ ಒಳಗೆ ಬರುತ್ತದೆ. ಒಂದೇ ರಬ್ಬರಿನಿಂದ ಎರಡು ಲಾಭ.

ಹಾಗಾದರೆ ಅಂಗಡಿಯಲ್ಲಿ ಅವನಿಗೆ ಬೇಸ್ ಚೆನ್ನಾಗಿ ಕೇಳಿದ್ದು ಹೇಗೆ? ನಾನು ಇದನ್ನು ಎರಡು ದಿನ ಯೋಚಿಸಿದೆ. ಉತ್ತರ ಗೇನ್ ಸ್ವಿಚ್ಚಿನಲ್ಲಿತ್ತು. ಆಂಪ್ ಹಾಕಿದಾಗ ಸೌಂಡ್ ಜಾಸ್ತಿಯಾಗಿತ್ತು, ಅಷ್ಟೇ. ನಮ್ಮ ಕಿವಿಗೆ ಒಂದು ಗುಣವಿದೆ. ಸದ್ದು ಸಣ್ಣದಾಗಿದ್ದಾಗ ಬೇಸ್ ಕಡಿಮೆ ಕೇಳುತ್ತದೆ, ಜೋರಾದ ಹಾಗೆ ಬೇಸ್ ತುಂಬಿ ಬರುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಅಂದರೆ ನಾನು ಅವನಿಗೆ ಕೇಳಿಸಿದ್ದು ಒಳ್ಳೆಯ ಸೌಂಡ್ ಅಲ್ಲ, ಜೋರು ಸೌಂಡ್. ಅವನು ಫೋನಿನ ವಾಲ್ಯೂಮ್ ನಾಲ್ಕು ಗೆರೆ ಏರಿಸಿದ್ದರೂ ಅಷ್ಟೇ ಖುಷಿ ಸಿಗುತ್ತಿತ್ತು.

ಅವತ್ತಿನಿಂದ ಎರಡು ಸಾಧನಗಳನ್ನು ಹೋಲಿಸಿ ತೋರಿಸುವಾಗ ಸದ್ದನ್ನು ಸಮ ಮಾಡದೆ ತೋರಿಸುವುದಿಲ್ಲ. ಕಿವಿಯಲ್ಲಿ ಅಂದಾಜು ಮಾಡಿದರೆ ಆಗದು. 60 ಹರ್ಟ್ಸ್ ಟೋನ್, ಅಂದರೆ ಸೆಕೆಂಡಿಗೆ 60 ಸಲ ಕಂಪಿಸುವ ಒಂದೇ ಸ್ವರದ ಫೈಲ್ ಒಂದನ್ನು ಫೋನಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನು ಹಾಕಿ, ಇಯರ್‌ಫೋನ್ ಸಿಕ್ಕಿಸಿದ್ದಾಗಲೇ ಎರಡೂ ಕಡೆ ಮಲ್ಟಿಮೀಟರ್‌ನಲ್ಲಿ ಎಸಿ ವೋಲ್ಟೇಜ್ ಒಂದೇ ಬರುವ ಹಾಗೆ ವಾಲ್ಯೂಮ್ ಇಡುತ್ತೇನೆ. 60 ಹರ್ಟ್ಸ್ ಯಾಕೆ ಅಂದರೆ ಸಾಮಾನ್ಯ ಮೀಟರುಗಳು ಮನೆ ಕರೆಂಟ್ ಅಳೆಯಲು ಮಾಡಿದವು. ಆ ಸುತ್ತಮುತ್ತಲಿನ ಸ್ವರದಲ್ಲಿ ನಿಜ ಹೇಳುತ್ತವೆ, ಮೇಲೆ ಹೋದಂತೆ ಕೆಲವು ತಪ್ಪುತ್ತವೆ. ಇನ್ನೊಂದು ವಿಷಯ. ತೀರಾ ಕಡಿಮೆ ಬೆಲೆಯ ಮೀಟರುಗಳಲ್ಲಿ ಎಸಿಯ ಚಿಕ್ಕ ರೇಂಜೇ 200 ವೋಲ್ಟ್ ಇರುತ್ತದೆ. ಅದರಲ್ಲಿ ಇದು ಕಾಣುವುದೇ ಇಲ್ಲ. 2 ವೋಲ್ಟ್ ರೇಂಜ್ ಇರುವ ಮೀಟರ್ ಬೇಕು.

ಅದೇ ಮೀಟರಿನಿಂದ ಆ ಆಂಪ್‌ನ ಇನ್ನೊಂದು ಗುಣವೂ ಗೊತ್ತಾಯಿತು. ಪ್ರತಿ ಆಂಪ್‌ಗೂ ತನ್ನದೇ ಒಳಗಿನ ತಡೆ ಇರುತ್ತದೆ. ಔಟ್‌ಪುಟ್ ಇಂಪೀಡೆನ್ಸ್ ಅನ್ನುತ್ತಾರೆ, ಓಮ್‌ನಲ್ಲಿ ಅಳೆಯುತ್ತಾರೆ. ಡಬ್ಬಿಯ ಮೇಲೆ ಎಷ್ಟೋ ಕಂಪನಿಗಳು ಬರೆಯುವುದೇ ಇಲ್ಲ. ನಾವೇ ಅಳೆಯಬಹುದು. ಏನೂ ಸಿಕ್ಕಿಸದೆ ಟೋನ್ ಹಾಕಿ 200 ಮಿಲಿವೋಲ್ಟ್ ಬರುವಂತೆ ಇಟ್ಟೆ. ಆಮೇಲೆ 22 ಓಮ್‌ನ ರೆಸಿಸ್ಟರ್ ಒಂದನ್ನು ಔಟ್‌ಪುಟ್‌ಗೆ ಅಡ್ಡ ಹಾಕಿದೆ. 150ಕ್ಕೆ ಇಳಿಯಿತು. ಇಳಿದ 50ನ್ನು ಉಳಿದ 150ರಿಂದ ಭಾಗಿಸಿ 22ರಿಂದ ಗುಣಿಸಿದರೆ ಸುಮಾರು 7.3 ಓಮ್. ಅದೇ ಲೆಕ್ಕ ಹಾಕಿ ನಮ್ಮ ಅಂಗಡಿಯ ಒಂದು ಸಣ್ಣ ಡಾಂಗಲ್, ಅಂದರೆ ಫೋನಿನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿ ಇಯರ್‌ಫೋನ್ ಹಾಕುವ ಸಾಧನ, ಅಳೆದೆ. 1 ಓಮ್ ಆಸುಪಾಸು ಬಂತು.

7 ಓಮ್ ಇದ್ದರೆ ಏನಾಯ್ತು ಅಂತ ಕೇಳಬಹುದು. ಓಮ್ ಜಾಸ್ತಿ ಇರುವ ದೊಡ್ಡ ಹೆಡ್‌ಫೋನಿಗೆ ಏನೂ ಆಗುವುದಿಲ್ಲ. ಸಾಮಾನ್ಯ ಸ್ಪೀಕರಿನ ಹಾಗೆ ಕೆಲಸ ಮಾಡುವ ಒಂದೇ ಡೈನಾಮಿಕ್ ಡ್ರೈವರ್ ಇರುವ ಸಾದಾ ಇಯರ್‌ಫೋನಿಗೂ ಹೆಚ್ಚೇನಿಲ್ಲ. ಆದರೆ ಹಲವು ಪುಟ್ಟ ಡ್ರೈವರ್ ಸೇರಿಸಿ ಮಾಡಿದ ಇಯರ್‌ಫೋನಿನ ಓಮ್ ಎಲ್ಲಾ ಸ್ವರಕ್ಕೂ ಒಂದೇ ಇರುವುದಿಲ್ಲ. ಡಬ್ಬಿಯ ಮೇಲೆ 16 ಅಂತ ಇದ್ದರೂ ಒಂದು ಸ್ವರದಲ್ಲಿ 8, ಇನ್ನೊಂದರಲ್ಲಿ 40 ಇರಬಹುದು. ಆಂಪ್‌ನ 7.3 ಓಮ್ ನಡುವೆ ಕೂತು ವೋಲ್ಟೇಜಿನಲ್ಲಿ ಪಾಲು ತೆಗೆದುಕೊಳ್ಳುತ್ತದೆ. 8 ಓಮ್ ಇರುವ ಸ್ವರಕ್ಕೆ ಅರ್ಧ ಮಾತ್ರ ತಲುಪುತ್ತದೆ, 40 ಇರುವಲ್ಲಿಗೆ ಮುಕ್ಕಾಲಿಗಿಂತ ಜಾಸ್ತಿ. ಲೆಕ್ಕ ಹಾಕಿದರೆ 4 ಡೆಸಿಬಲ್ (ಸದ್ದಿನ ಜೋರಿನ ಅಳತೆ) ವ್ಯತ್ಯಾಸ. ಕಿವಿಗೆ ಸ್ಪಷ್ಟವಾಗಿ ತಿಳಿಯುವಷ್ಟು. 1 ಓಮ್‌ನ ಡಾಂಗಲ್ಲಿನಲ್ಲಿ ಅದೇ ವ್ಯತ್ಯಾಸ 1 ಡೆಸಿಬಲ್ಲಿಗಿಂತ ಕಡಿಮೆ.

ಮಂಡ್ಯದ ಹುಡುಗನ ಇಯರ್‌ಫೋನನ್ನೇ ರೆಸಿಸ್ಟರ್ ಜಾಗದಲ್ಲಿ ಹಾಕಿ 60 ಹರ್ಟ್ಸ್‌ನಲ್ಲಿ ಅಳೆದೆ. ವೋಲ್ಟೇಜ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಅಂದರೆ ಅವನದರಲ್ಲಿ ಓಮ್ ಕಡಿಮೆ ಇದ್ದದ್ದು ಬೇಸ್ ಭಾಗದಲ್ಲೇ. ಬೇಸ್ ಬೇಕು ಅಂತ ಬಂದವನಿಗೆ ಬೇಸ್ ತಿನ್ನುವ ಆಂಪ್ ಕೊಟ್ಟು ಕಳಿಸಿದ್ದೆ. ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈ ಕೆಲಸದಲ್ಲಿ ಇರುವವರು ಒಂದು ಅಂದಾಜು ಇಟ್ಟುಕೊಳ್ಳುತ್ತಾರೆ. ಇಯರ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಆಂಪ್‌ನ ಓಮ್ ಕಡಿಮೆ ಇರಲಿ ಅಂತ. 16 ಓಮ್ ಆದರೆ 2ರ ಒಳಗೆ. ನನ್ನ ಅನುಭವದಲ್ಲಿ ಇಯರ್‌ಫೋನಿಗೆ ಆಂಪ್ ಆರಿಸುವಾಗ ನೋಡಬೇಕಾದ ಮೊದಲ ಅಂಕಿ ಇದೇ. ಎಷ್ಟು ಮಿಲಿವ್ಯಾಟ್ ಅನ್ನುವುದಲ್ಲ.

ಮಿಲಿವ್ಯಾಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. 16 ಓಮ್, 1 ಮಿಲಿವ್ಯಾಟಿಗೆ 105 ಡೆಸಿಬಲ್ ಅಂತ ಬರೆದ ಇಯರ್‌ಫೋನ್ ತೆಗೆದುಕೊಳ್ಳಿ. 1 ಮಿಲಿವ್ಯಾಟ್ ಅಂದರೆ ವ್ಯಾಟಿನ ಸಾವಿರದಲ್ಲಿ ಒಂದು ಪಾಲು. ಅಷ್ಟಕ್ಕೇ 105 ಡೆಸಿಬಲ್, ಅಂದರೆ ಕಿವಿಗೆ ಅಪಾಯವಾಗುವಷ್ಟು ಜೋರು. ಮನೆಯಲ್ಲಿ ನೆಮ್ಮದಿಯಾಗಿ ಕೇಳುವ 75 ಡೆಸಿಬಲ್ಲಿಗೆ ಅದರ ಸಾವಿರದಲ್ಲಿ ಒಂದು ಪಾಲು ಸಾಕು. ಆ 1 ಮಿಲಿವ್ಯಾಟಿಗೆ ಬೇಕಾದ ವೋಲ್ಟೇಜ್ ಬರೀ 0.13. ಬೆರಳುದ್ದದ ಡಾಂಗಲ್ಲುಗಳೇ ಎಷ್ಟೋ 1 ವೋಲ್ಟ್ ಕೊಡುತ್ತವೆ. ಡಬ್ಬಿಯ ಮೇಲೆ 500 ಮಿಲಿವ್ಯಾಟ್ ಅಂತ ದಪ್ಪ ಅಕ್ಷರದಲ್ಲಿ ಇದ್ದರೆ ಇಂಥ ಇಯರ್‌ಫೋನಿಗೆ ಅದರಿಂದ ಏನೂ ಸಿಗುವುದಿಲ್ಲ. ವಾಲ್ಯೂಮ್ ಒಂದು ಗೆರೆ ಇಟ್ಟರೆ ಕಡಿಮೆ, ಎರಡಿಟ್ಟರೆ ಜಾಸ್ತಿ, ಈ ಕಷ್ಟ ಮಾತ್ರ ಸಿಗುತ್ತದೆ.

ಸುಯ್ ಸದ್ದು ಬರುವುದೂ ಇದರಿಂದಲೇ. ಆಂಪ್‌ನೊಳಗಿನ ಸಣ್ಣ ಗದ್ದಲ ದೊಡ್ಡ ಹೆಡ್‌ಫೋನಿಗೆ ಕೇಳುವುದಿಲ್ಲ. ಸೂಕ್ಷ್ಮ ಇಯರ್‌ಫೋನ್ ಅದನ್ನೂ ಹಿಡಿದು ಕಿವಿಗೆ ಹಾಕುತ್ತದೆ. ಪತ್ತೆ ಹಚ್ಚುವುದು ಸುಲಭ. ಹಾಡು ನಿಲ್ಲಿಸಿ. ಆಗಲೂ ಸುಯ್ ಅಂದರೆ ಆಂಪ್‌ನದು. ಹಾಡಿನ ಜೊತೆ ಬಂದು ಹಾಡಿನ ಜೊತೆ ಹೋದರೆ ರೆಕಾರ್ಡಿಂಗಿನದು. ಅಗ್ರಹಾರದ ಕಡೆಯಿಂದ ಬರುವ ಒಬ್ಬರು ವೀಣೆ ಮೇಷ್ಟ್ರು ಇದ್ದಾರೆ. ಹಳೇ ಕಚೇರಿಗಳ ಟೇಪನ್ನು ಕಂಪ್ಯೂಟರಿಗೆ ಹಾಕಿಸಿಕೊಂಡು ಕೇಳುತ್ತಾರೆ. ಸುಯ್ ಸದ್ದು ಹೋಗಲಿ ಅಂತ ಆಂಪ್ ಬದಲಿಸಲು ಬಂದಿದ್ದರು. ನಿಲ್ಲಿಸಿ ನೋಡಿದರೆ ಪೂರ್ತಿ ನಿಶ್ಶಬ್ದ. 'ಮೇಷ್ಟ್ರೇ, ಇದು ಟೇಪಿನ ಸದ್ದು. ಯಾವ ಆಂಪ್ ತಂದರೂ ಹೋಗಲ್ಲ' ಅಂದೆ. 'ಹೋಗಲಿ ಬಿಡಪ್ಪ, ಕಚೇರಿ ಇದೆಯಲ್ಲ' ಅಂತ ಕೇಳುತ್ತಾ ಕೂತರು.

ಚಾರ್ಜಿಗೆ ಹಾಕಿಕೊಂಡು ಕೇಳುವಾಗ ಗುಂಯ್ ಅನ್ನುವುದು ಬೇರೆ. ಅದು ಚಾರ್ಜರಿನಿಂದ ಬರುವುದು, ಕಿತ್ತರೆ ಹೋಗುತ್ತದೆ.

ಒಂದು ಕಡೆ ಸೌಂಡ್ ಕಡಿಮೆ ಅಂತ ಬರುವವರಂತೂ ವಾರಕ್ಕೆ ನಾಲ್ಕೈದು ಜನ. ಅವರಲ್ಲೂ ಕೆಲವರು ಆಂಪ್ ಕೇಳುತ್ತಾರೆ. ನಾನು ಮೊದಲು ಭೂತಗನ್ನಡಿಯಲ್ಲಿ ಇಯರ್‌ಫೋನಿನ ಬಾಯಿಯ ಜಾಲರಿ ನೋಡುತ್ತೇನೆ. ಬಹಳ ಸಲ ಅಲ್ಲಿ ಗುಗ್ಗೆ ಕಟ್ಟಿಕೊಂಡಿರುತ್ತದೆ. ಬಾಯಿ ಕೆಳಗೆ ಮಾಡಿ ಹಿಡಿದು, ಒಣ ಮೆತ್ತನೆ ಬ್ರಷ್‌ನಲ್ಲಿ ಉದುರಿಸಬೇಕು. ಸೂಜಿ ಹಾಕಬೇಡಿ, ದಯವಿಟ್ಟು. ಜಾಲರಿ ಒಳಗೆ ಹೋದರೆ ಡ್ರೈವರೇ ಹೋಯಿತು. ಜಾಲರಿ ಚೊಕ್ಕವಾಗಿದ್ದೂ ಒಂದು ಕಡೆ ಕಡಿಮೆ ಅಂದರೆ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಕೇಳಿ ಅನ್ನುತ್ತೇನೆ. ಕಡಿಮೆ ಸದ್ದು ಇಯರ್‌ಫೋನಿನ ಜೊತೆ ಆ ಕಡೆ ಹೋದರೆ ನಮ್ಮ ಟೇಬಲ್ಲಿನ ಕೆಲಸ. ಅದೇ ಕಿವಿಯಲ್ಲಿ ಉಳಿದರೆ ಡಾಕ್ಟರ ಕೆಲಸ. ನಮ್ಮ ಊರಲ್ಲೇ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗಿ ತೋರಿಸಿ ಅಂತ ಹೇಳಿ ಕಳಿಸುತ್ತೇನೆ. ಹೀಗೆ ಕಳಿಸಿದಾಗ ಅಂಗಡಿಗೆ ವ್ಯಾಪಾರ ಆಗುವುದಿಲ್ಲ. ಆದರೂ ಈ ವಿಷಯದಲ್ಲಿ ನಾನು ಒಂದು ಸಲವೂ ಹಿಂದೆಮುಂದೆ ನೋಡಿಲ್ಲ.

ಕಿವಿಯ ಮಾತು ಬಂದದ್ದಕ್ಕೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ 4 ಗಂಟೆ ಮಾತ್ರ. ರೈಲಿನ ಗದ್ದಲ ಮೀರಿಸಲು ದಿನಾ ವಾಲ್ಯೂಮ್ ಏರಿಸುವವರಿಗೆ ಆ 4 ಗಂಟೆ ಎರಡು ಮೂರು ದಿನಕ್ಕೇ ಮುಗಿಯುತ್ತದೆ. ಗಟ್ಟಿಯಾಗಿ ಕೂರುವ ರಬ್ಬರ್ ಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೂ ಸೇರಿ.

ಆಂಪ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. 300 ಓಮ್‌ನ ದೊಡ್ಡ ಹೆಡ್‌ಫೋನಿಗೆ ಬೇಕು, ಫೋನಿನ ವೋಲ್ಟೇಜ್ ಅದಕ್ಕೆ ಸಾಲದು. ತೆಳು ಹಾಳೆ ಅದುರಿ ಸದ್ದು ಮಾಡುವ ಪ್ಲೇನಾರ್ ಡ್ರೈವರ್ ಇರುವ ಕೆಲವು ಇಯರ್‌ಫೋನ್ ಸ್ವಲ್ಪ ಹಸಿದಿರುತ್ತವೆ, ಅವಕ್ಕೂ ಬೇಕು. ಲ್ಯಾಪ್‌ಟಾಪಿನ ಜ್ಯಾಕಿನಲ್ಲಿ ಕರಕರ ಬಂದರೆ ಒಳ್ಳೆಯ ಡಾಂಗಲ್ ಹಾಕಿದ ಕ್ಷಣ ಗೊತ್ತಾಗುತ್ತದೆ. ಫೋನುಗಳಲ್ಲಿ 3.5 ಎಂಎಂ ಜ್ಯಾಕೇ ಇಲ್ಲದಿರುವುದು ಈಗ ಮಾಮೂಲು. ಹಾಗಾಗಿ ಡಾಂಗಲ್ ಹೇಗೂ ಕೊಳ್ಳಬೇಕು, ಕೊಳ್ಳುವಾಗ ಓಮ್ ಕಡಿಮೆ ಇರುವುದನ್ನು ಕೊಳ್ಳಿ, ಗೇನ್ ಸ್ವಿಚ್ ಇದ್ದರೆ 'ಲೋ'ನಲ್ಲೇ ಇಡಿ. 4.4 ಎಂಎಂ ಬ್ಯಾಲೆನ್ಸ್ಡ್ ಜ್ಯಾಕ್, ಅಂದರೆ ಒಂದೊಂದು ಕಿವಿಗೂ ಎರಡೆರಡು ಆಂಪ್ ದುಡಿಯುವ ಜ್ಯಾಕ್, ಅದರ ಬಗ್ಗೆ ಬಹಳ ಜನ ಕೇಳುತ್ತಾರೆ. ವೋಲ್ಟೇಜ್ ಎರಡರಷ್ಟು ಸಿಗುತ್ತದೆ, ನಿಜ. ಸಾಮಾನ್ಯವಾಗಿ ಒಳಗಿನ ಓಮ್ ಕೂಡ ಎರಡರಷ್ಟಾಗುತ್ತದೆ. ಸೂಕ್ಷ್ಮ ಇಯರ್‌ಫೋನಿಗೆ ಅದಕ್ಕಾಗಿ ಕೇಬಲ್ ಬದಲಿಸಿ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮಂಡ್ಯದ ಹುಡುಗನಿಗೆ ನಾನೇ ಫೋನ್ ಮಾಡಿ ಕರೆಸಿದೆ. ಅರ್ಧ ಗಂಟೆ ಕೂರಿಸಿಕೊಂಡು ಎಂಟು ಜೊತೆ ರಬ್ಬರ್ ಹಾಕಿ ತೆಗೆದೆ. ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಕೂರಿಸುವುದನ್ನು ತೋರಿಸಿದೆ. ಬಲಕಿವಿಗೆ ನಡುವಿನ ಸೈಜೇ ಸ್ವಲ್ಪ ಉದ್ದದ್ದು ಸರಿಹೋಯಿತು. ಎಡಕಿವಿಗೆ ದೊಡ್ಡದು ಬೇಕಾಯಿತು. ಎರಡು ಕಿವಿಗೆ ಎರಡು ಸೈಜ್ ಇರಬಹುದು ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ಅಲ್ಲಿಯವರೆಗೆ ನಾನೂ ಯಾರಿಗೂ ಹೇಳಿರಲಿಲ್ಲ. ಆಮೇಲೆ ಆ 1 ಓಮ್‌ನ ಡಾಂಗಲ್ ಸಿಕ್ಕಿಸಿ ಅವನದೇ ಹಾಡು ಹಾಕಿದೆ. ವಾಲ್ಯೂಮನ್ನು ಅವನೇ ಎರಡು ಗೆರೆ ಕೆಳಗೆ ಇಳಿಸಿದ.

ರಬ್ಬರ್ ಡಬ್ಬಿ ಈಗ ಒಳಗಿನ ಡ್ರಾಯರಿನಲ್ಲಿಲ್ಲ, ಕೌಂಟರ್ ಮೇಲೆ ಇದೆ. ಯಾರಿಗೆ ಯಾವ ಕಿವಿಗೆ ಯಾವ ಸೈಜ್ ಅಂತ ಬಿಲ್ಲಿನ ಹಿಂದೆ ಬರೆದು ಕೊಡುತ್ತೇನೆ.