ಬಚ್ಚಲುಮನೆಯಿಂದ ಕೊಟ್ಟಿಗೆಗೆ

ರಂಗಶಂಕರದಲ್ಲಿ ನಾಟಕ ಏಳೂವರೆಗೆ ಎಂದರೆ ಏಳೂವರೆಗೇ. ಬಾಗಿಲು ಮುಚ್ಚಿದ ಮೇಲೆ ಬಂದವರು ಯಾರೇ ಆಗಿರಲಿ, ಒಳಗೆ ಬಿಡುವುದಿಲ್ಲ. ಬೆಂಗಳೂರಿನ ಪ್ರೇಕ್ಷಕರಿಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ಏಳು ಗಂಟೆಗೆಲ್ಲ ಸಾಬೂದಾನಿ ವಡೆ ತಿಂದು, ಕೈತೊಳೆದುಕೊಂಡು ಸಾಲಿನಲ್ಲಿ ನಿಂತಿರುತ್ತಾರೆ. ಕಳೆದ ನವೆಂಬರಿನ ಆ ಶನಿವಾರ ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದಿದ್ದ ಗಂಡ ಹೆಂಡತಿ ಐದು ಗಂಟೆಗೇ ಬಂದು ಮೆಟ್ಟಿಲ ಮೇಲೆ ಕೂತಿದ್ದರಂತೆ. ಅವರ ಮಗನಿಗೆ ನಮ್ಮ ನಾಟಕದಲ್ಲಿ ಮೂರು ನಿಮಿಷದ ಪಾತ್ರ. ಆ ಮೂರು ನಿಮಿಷವನ್ನು ನಾನು ನುಂಗಿಹಾಕಿದೆ.

ಇಪ್ಪತ್ತೆರಡು ವರ್ಷಗಳಿಂದ ನಟನೆಯೇ ನನ್ನ ಅನ್ನ. ಸಾಗರದ ಕಡೆಯವಳಾದ್ದರಿಂದ ಹೆಗ್ಗೋಡು ನನಗೆ ದೂರದ ಊರಲ್ಲ. ಕೆ.ವಿ. ಸುಬ್ಬಣ್ಣನವರ ನಾಟಕ ಸಂಸ್ಥೆ ನೀನಾಸಂ ಅಲ್ಲಿ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತು, ಮುಂದೆ ಎರಡು ವರ್ಷ ಅದರ ಸಂಚಾರಿ ತಂಡವಾದ ತಿರುಗಾಟದಲ್ಲಿ ಊರೂರು ಸುತ್ತಿದೆ. ಇವತ್ತು ಒಂದು ಊರು, ನಾಳೆ ಇನ್ನೊಂದು. ಸೆಟ್ಟು ಇಳಿಸುವವರೂ ನಾವೇ, ದೀಪ ಕಟ್ಟುವವರೂ ನಾವೇ, ಸಂಜೆ ಬಣ್ಣ ಹಚ್ಚುವವರೂ ನಾವೇ. ಬಸ್ಸಿನಲ್ಲಿ ಯಾರೋ ಒಬ್ಬರು ನಿದ್ದೆಗಣ್ಣಿನಲ್ಲಿ ಒಂದು ಸಾಲು ಹೇಳಿದರೆ ಕೊನೆಯ ಸೀಟಿನಿಂದ ಅದಕ್ಕೆ ಉತ್ತರ ಬರುತ್ತಿತ್ತು. ಮಾತನ್ನು ಬಾಯಿಪಾಠ ಮಾಡಿದ ನೆನಪೇ ನನಗಿಲ್ಲ. ಅದು ಬಟ್ಟೆ ಇಸ್ತ್ರಿ ಮಾಡುವಾಗ, ಪೆಟ್ಟಿಗೆ ಹೊರುವಾಗ ತಾನಾಗಿ ಮೈಗೆ ಹತ್ತಿಕೊಳ್ಳುತ್ತಿತ್ತು.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಧಾರಾವಾಹಿ. ಕಿರುತೆರೆಯನ್ನು ಕೀಳಾಗಿ ಕಾಣುವ ರಂಗಭೂಮಿಯ ಗೆಳೆಯರೊಡನೆ ನಾನು ಎಷ್ಟೋ ಸಲ ಜಗಳವಾಡಿದ್ದೇನೆ. ಅಮ್ಮನ ಡಯಾಲಿಸಿಸ್‌ಗೆ, ಮಗಳ ಕಾಲೇಜಿಗೆ ದುಡ್ಡು ಕೊಟ್ಟಿದ್ದು ಧಾರಾವಾಹಿ. ನಾಟಕ ಮಾಡುವುದಕ್ಕೂ ಅದೇ ಕೊಟ್ಟಿತು, ಏಕೆಂದರೆ ನಮ್ಮಂಥ ಸಣ್ಣ ತಂಡಗಳಲ್ಲಿ ನಟರು ಕೈಯಿಂದ ದುಡ್ಡು ಹಾಕಿಯೇ ನಾಟಕ ಕಟ್ಟಬೇಕು. 2020ರ ಲಾಕ್‌ಡೌನಿನಲ್ಲಿ ಶೂಟಿಂಗೂ ನಿಂತು, ರಂಗಮಂದಿರಗಳೂ ಮುಚ್ಚಿದಾಗ ನನ್ನ ಮನೆಯಲ್ಲಿ ಆದ ಲೆಕ್ಕಾಚಾರ ನನಗೆ ಗೊತ್ತು. ಮೊದಲು ಮತ್ತೆ ಶುರುವಾದದ್ದು ಶೂಟಿಂಗ್. ಆ ಋಣವನ್ನು ನಾನು ಮರೆಯಲಾರೆ.

ಆದರೆ ಧಾರಾವಾಹಿಯ ಕೆಲಸದಲ್ಲಿ ಪ್ರಾಂಪ್ಟಿಂಗ್ ಎಂಬುದೊಂದಿದೆ. ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ವಾರಕ್ಕೆ ಐದಾರು ಸಂಚಿಕೆ ಪ್ರಸಾರವಾಗುವ ಕಡೆ ದಿನಕ್ಕೆ ಒಂದು ಸಂಚಿಕೆಯಷ್ಟಾದರೂ ಚಿತ್ರೀಕರಣ ಮುಗಿಯಬೇಕು. ದೃಶ್ಯದ ಹಾಳೆ ಕೈಗೆ ಬರುವುದು ಎಷ್ಟೋ ಸಲ ಬೆಳಿಗ್ಗೆ ಮೇಕಪ್ ಕುರ್ಚಿಯಲ್ಲಿ ಕೂತ ಮೇಲೆ. ಕಂಠಪಾಠಕ್ಕೆ ಸಮಯವಿಲ್ಲ. ಹಾಗಾಗಿ ಸಹಾಯಕ ನಿರ್ದೇಶಕರೊಬ್ಬರು ಕ್ಯಾಮೆರಾದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಸಾಲನ್ನು ಭಾವವಿಲ್ಲದ ದನಿಯಲ್ಲಿ ಓದುತ್ತಾರೆ. ನಾವು ಅದನ್ನು ಕೇಳಿಸಿಕೊಂಡು, ಅವರ ದನಿ ಪೂರ್ತಿ ನಿಂತ ಮೇಲೆ ಅರ್ಧ ಸೆಕೆಂಡ್ ಬಿಟ್ಟು, ಭಾವ ತುಂಬಿ ಹೇಳಬೇಕು. ಆ ಅರ್ಧ ಸೆಕೆಂಡ್ ಬಿಡದಿದ್ದರೆ ಸಂಕಲನಕಾರ ಅವರ ದನಿಯನ್ನು ಕತ್ತರಿಸುವುದು ಕಷ್ಟ. ಹೊಸಬರಿಗೆ ಇದು ಬೇಗ ಸಿದ್ಧಿಸುವುದಿಲ್ಲ. ಮುಖದಲ್ಲಿ ಕೋಪವೋ ದುಃಖವೋ ಕುದಿಯುತ್ತಿರಬೇಕು, ಕಿವಿ ಮಾತ್ರ ಶಾಂತವಾಗಿ ಕಾಯುತ್ತಿರಬೇಕು. ಹಾಗೆ ಕಾಯುವುದರಲ್ಲಿ ನಾನು ನುರಿತವಳು. ಈಗಿನ ಧಾರಾವಾಹಿಯಲ್ಲಿ ನಾಲ್ಕು ವರ್ಷಗಳಿಂದ ಅತ್ತೆಯ ಪಾತ್ರ. ನಾನು ಮಾತಿಗೆ ಮುಂಚೆ ಬಿಡುವ ಆ ಬಿಡುವೇ ಅತ್ತೆಯ ಗಾಂಭೀರ್ಯ ಎಂದು ಜನ ಮೆಚ್ಚಿಕೊಂಡಿದ್ದಾರೆ.

ಆ ಶನಿವಾರ ಬೆಳಿಗ್ಗೆ ನಾಗರಬಾವಿಯ ಆಚೆಯ ಶೂಟಿಂಗ್ ಮನೆಯಲ್ಲಿ ಕೆಲಸ. ಹನ್ನೆರಡಕ್ಕೆ ಬಿಡುತ್ತೇವೆ ಎಂದಿದ್ದರು, ಬಿಟ್ಟಾಗ ಮೂರು ದಾಟಿತ್ತು. ಸೊಸೆ ತಾಳಿ ತೆಗೆದಿಟ್ಟು ಹೋಗುವ ದೃಶ್ಯ. ಮನೆಯವರು ಒಂಬತ್ತು ಜನ ನಿಂತಿದ್ದೇವೆ. ಒಬ್ಬೊಬ್ಬರ ಮುಖದ ರಿಯಾಕ್ಷನ್ ಬೇರೆ ಬೇರೆಯಾಗಿ ತೆಗೆಯಬೇಕು. ಸೀರೆ ನಮ್ಮದೇ, ಒಡವೆ ನಮ್ಮದೇ. ಮುಂದಿನ ಚಿತ್ರೀಕರಣಕ್ಕೂ ಅದೇ ಬೇಕಾದ ಕಂಟಿನ್ಯೂಟಿಯ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿ, ಮುಖದ ಬಣ್ಣವನ್ನು ಕಾರಿನಲ್ಲೇ ಒರೆಸಿಕೊಂಡು ಜೆ.ಪಿ. ನಗರದ ರಂಗಶಂಕರ ಮುಟ್ಟಿದಾಗ ಐದು ಕಾಲು. ತಂಡದ ರನ್ ಥ್ರೂ, ಅಂದರೆ ಇಡೀ ನಾಟಕದ ಕೊನೆಯ ತಾಲೀಮು, ನಾನಿಲ್ಲದೆ ಮುಗಿದಿತ್ತು. ದಣಿವಿನಿಂದ ಹಾಗಾಯಿತು ಎಂದು ಆಮೇಲೆ ಹಲವರು ನನ್ನನ್ನು ಸಮಾಧಾನ ಮಾಡಿದರು. ದಣಿವಿನಿಂದಲ್ಲ. ತಿರುಗಾಟದಲ್ಲಿ ಜ್ವರ ಬಂದಾಗಲೂ ಒಂದು ಸಾಲು ತಪ್ಪಿದವಳಲ್ಲ ನಾನು.

ಆ ರಂಗದ ಮೇಲೆ ಕಾಲಿಡುವಾಗ ಪ್ರತಿಸಲ ನನಗೆ ಆಗುಂಬೆಯ ದೊಡ್ಡಮನೆ ನೆನಪಾಗುತ್ತದೆ. ತೀರ್ಥಹಳ್ಳಿಯಲ್ಲಿ ಪ್ರದರ್ಶನವಿದ್ದಾಗ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಮನೆ ಅದು. ರಂಗಭೂಮಿಯಿಂದ ಬಂದವರು, ದೇಶವೇ ನೋಡಿದ ಧಾರಾವಾಹಿ ಮಾಡಿದವರು, 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು. ಅವರ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಸಂಗಡಿಗರು ವರ್ಷಗಟ್ಟಲೆ ಓಡಾಡಿ ಕಟ್ಟಿದ್ದು ಈ ರಂಗಶಂಕರ, 2004ರಲ್ಲಿ ಬಾಗಿಲು ತೆರೆಯಿತು. ಕಿರುತೆರೆಯೂ ರಂಗವೂ ಒಬ್ಬ ಮನುಷ್ಯನಲ್ಲಿ ಜಗಳವಿಲ್ಲದೆ ಇರಬಹುದು ಎಂಬುದಕ್ಕೆ ನನಗಿದ್ದ ಸಾಕ್ಷಿ ಅವರು. ನೆಲ ಮುಟ್ಟಿ ನಮಸ್ಕರಿಸಿ ಒಳಗೆ ಹೋದೆ.

ನಾಟಕ ಮುಳುಗಡೆಯದು. ನಮ್ಮ ಕಡೆ ಮುಳುಗಡೆ ಎಂದರೆ ಬೇರೆ ವಿವರಣೆ ಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ಹಿನ್ನೀರಿನಲ್ಲಿ ಸಾಗರ, ಹೊಸನಗರ ಸೀಮೆಯ ಊರುಗಳು ಹೋದವು. ನನ್ನ ಅಜ್ಜಿಯ ತವರೂ ಅದರಲ್ಲಿ ಹೋಯಿತು. ನಾಟಕದಲ್ಲಿ ನಾನು ಮನೆ ಬಿಡಲೊಲ್ಲದ ಮುದುಕಿ. ಕೊನೆಯ ಭಾಗದಲ್ಲಿ ಏಳು ನಿಮಿಷದ ಮಾತಿದೆ. ಮುದುಕಿ ಕೂತಲ್ಲೇ ಮನಸ್ಸಿನಲ್ಲಿ ಮನೆ ಸುತ್ತುತ್ತಾಳೆ. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲುಮನೆ, ಆಮೇಲೆ ಕೊಟ್ಟಿಗೆ. “ಕೊಟ್ಟಿಗೆಯ ಹಸು ಬಿಚ್ಚುವವರು ಯಾರು?” ಎಂದು ಕೇಳಿದಾಗ ಪರಿಹಾರದ ಕಾಗದ ಹಿಡಿದು ಕಚೇರಿಯ ಹುಡುಗ ಬರುತ್ತಾನೆ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದವನು ಕೊನೆಗೆ ತಾನೇ ಹೋಗಿ ಹಸು ಬಿಚ್ಚುತ್ತಾನೆ. ಆ ಪಾತ್ರವೇ ಹಾವೇರಿಯ ಹುಡುಗನದು. ಅವನೂ ಹೆಗ್ಗೋಡಿನಲ್ಲಿ ಕಲಿತವನು, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಹಗಲು ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸಿ ಸಂಜೆ ತಾಲೀಮಿಗೆ ಬರುತ್ತಿದ್ದ. ಗಂಟು ಬಿಚ್ಚುವ ಕೈಯ ಅಭಿನಯಕ್ಕಾಗಿ ಎರಡು ತಿಂಗಳು ಜೇಬಿನಲ್ಲಿ ಒಂದು ತುಂಡು ಹಗ್ಗ ಇಟ್ಟುಕೊಂಡು ಓಡಾಡಿದ್ದ.

ಬಚ್ಚಲುಮನೆಗೆ ಬಂದೆ. “ತಾಮ್ರದ ಹಂಡೆ, ಒಲೆಯಲ್ಲಿ ಇನ್ನೂ ಕೆಂಡ ಇದೆ, ಹಂಡೆಯಲ್ಲಿ ಇನ್ನೂ ಬಿಸಿ ನೀರು…” ಎಂದೆ. ಅಲ್ಲಿ ಉಸಿರಿನಷ್ಟು ಬಿಡುವು ಇದೆ. ಬಿಟ್ಟೆ. ನನ್ನ ತಲೆ ಸ್ವಲ್ಪ ಎಡಕ್ಕೆ ವಾಲಿತು. ಏಕೆ ವಾಲಿತು ಎಂದು ಅದೇ ಕ್ಷಣದಲ್ಲಿ ನನಗೆ ತಿಳಿಯಿತು: ಶೂಟಿಂಗಿನಲ್ಲಿ ಸಹಾಯಕ ನಿರ್ದೇಶಕರು ಕೂರುವುದು ಆ ಕಡೆ. ನನ್ನ ಕಿವಿ ಮುಂದಿನ ಸಾಲಿಗೆ ಕಾಯುತ್ತಿತ್ತು. ಆ ಕಡೆ ಇದ್ದದ್ದು ಕತ್ತಲು, ಮೊದಲ ಸಾಲಿನ ಪ್ರೇಕ್ಷಕರ ಮೊಣಕಾಲು. ಕೊಟ್ಟಿಗೆ ಎಲ್ಲಿಯೂ ಇರಲಿಲ್ಲ. ಬಾಯಲ್ಲಿ ಉಳಿದದ್ದು ‘ನೀರು’ ಎಂಬ ಒಂದೇ ಪದ. ನಾಲಿಗೆ ಅದನ್ನೇ ಹಿಡಿದುಕೊಂಡು ಮುಂದೆ ಹಾರಿತು.

“ನೀರು ಬಂತು” ಎಂದುಬಿಟ್ಟೆ.

ಅದು ದೃಶ್ಯದ ಕೊನೆಯ ಸಾಲು. ಆ ಮಾತಿಗೇ ಕಾದಿದ್ದ ಬೆಳಕಿನವರು ರಂಗವನ್ನು ನೀಲಿ ಮಾಡಿದರು. ಮೇಳದ ಎಂಟು ಜನ ಎರಡೂ ಕಡೆಯಿಂದ ಉದ್ದದ ಬಟ್ಟೆ ಹಿಡಿದು ಬಂದರು. ಹಿಂದಕ್ಕೆ ಹೋಗಲು ದಾರಿಯೇ ಇರಲಿಲ್ಲ. ಬಟ್ಟೆ ನನ್ನ ಎದೆಮಟ್ಟಕ್ಕೆ ಏರುವಾಗ ಬಲಗಡೆಯ ಸೈಡ್‌ವಿಂಗಿನಲ್ಲಿ ಅವನು ಕಂಡ. ಒಂದು ಕಾಲು ಮುಂದಿಟ್ಟು, ಕಾಗದ ಹಿಡಿದು, ಬರಲು ಸಿದ್ಧನಾಗಿ ನಿಂತಿದ್ದ. ನಾನು ನೋಡುತ್ತಿದ್ದ ಹಾಗೆಯೇ ಆ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

ಚಪ್ಪಾಳೆ ಜೋರಾಗಿಯೇ ಬಿತ್ತು. ಪ್ರೇಕ್ಷಕರಿಗೆ ಏನೂ ಗೊತ್ತಾಗಿರಲಿಲ್ಲ. ಕೊನೆಗೆ ಸಾಲಾಗಿ ನಿಂತು ಪರಿಚಯ ಮಾಡಿಸುವಾಗ ಅವನ ಹೆಸರನ್ನೂ ಹೇಳಿದರು, ಅವನೂ ಕೈಮುಗಿದ. ಆ ಚಪ್ಪಾಳೆ ನನ್ನ ಮೈಗೆ ಚುಚ್ಚಿದ ಹಾಗೆ ಇನ್ನೊಂದು ಚುಚ್ಚಿಲ್ಲ.

ಹೊರಗೆ ಬಂದಾಗ ಅವರಿಬ್ಬರೂ ನನಗಾಗಿಯೇ ಕಾಯುತ್ತಿದ್ದರು. ತಂದೆ ದಿನವೂ ಧಾರಾವಾಹಿ ನೋಡುತ್ತಾರಂತೆ, ಸೊಸೆಗೆ ಇನ್ನಷ್ಟು ಬೈಯಬೇಡಿ ಎಂದು ಕೇಳಿಕೊಂಡರು. ಒಂದು ಫೋಟೊ ಬೇಕೆಂದರು. ನಿಂತೆ. ತಾಯಿ ಮಾತ್ರ ಮಗನ ಮುಖವನ್ನೇ ನೋಡುತ್ತಿದ್ದರು. ಕೈಯಲ್ಲಿ ಒಂದು ಡಬ್ಬಿ ಇತ್ತು.

“ನೀನು ಯಾವಾಗ ಬಂದೆಯಪ್ಪಾ? ನಾನು ಕಣ್ಣು ಮುಚ್ಚದೆ ನೋಡಿದೆ” ಎಂದರು.

“ಬಂದಿದ್ದೆನಲ್ಲ ಅವ್ವಾ. ಬಟ್ಟೆ ಹಿಡಿದವರಲ್ಲಿ ನಾನೂ ಇದ್ದೆ. ಕತ್ತಲಲ್ಲಿ ನಿನಗೆ ಕಾಣಲಿಲ್ಲ” ಎಂದ ಅವನು. ಹೇಳುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಟ್ಟೆ ಹಿಡಿದವರಲ್ಲಿ ಅವನು ಇರಲಿಲ್ಲ.

ಇಪ್ಪತ್ಮೂರು ವರ್ಷದ ಹುಡುಗ ನನ್ನ ಮಾನ ಕಾಯಲು ತನ್ನ ತಾಯಿಗೆ ಸುಳ್ಳು ಹೇಳುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಆ ತಾಯಿಯ ಕೈ ಹಿಡಿದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಿಮ್ಮ ಮಗ ಬರುವ ಮಾತನ್ನು ನಾನು ಮರೆತೆ, ಅವನಿಗೆ ಬರಲು ದಾರಿ ಸಿಗಲಿಲ್ಲ, ತಪ್ಪು ನನ್ನದು ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂರು ನಿಮಿಷಕ್ಕಾಗಿ ಇನ್ನೂರು ಮೈಲಿ ಬಂದ ಮನುಷ್ಯಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಡಬ್ಬಿಯ ಮುಚ್ಚಳ ತೆಗೆದು ಶೇಂಗಾ ಹೋಳಿಗೆ ಕೊಟ್ಟರು. “ತಿನ್ನಿರಿ ಅಕ್ಕಾರೆ. ಮಧ್ಯಾಹ್ನ ಉಂಡ ಹಾಗೆ ಕಾಣುವುದಿಲ್ಲ ನೀವು” ಎಂದರು. ಹನ್ನೊಂದಕ್ಕೆ ಅವರ ಬಸ್ಸು. ಹುಡುಗ ಅವರನ್ನು ಮೆಜೆಸ್ಟಿಕ್ಕಿಗೆ ಬಿಡಲು ಹೋದ.

ಮರುದಿನವೇ ಶೂಟಿಂಗಿನಲ್ಲಿ, ಇನ್ನು ಮುಂದೆ ನನಗೆ ಪ್ರಾಂಪ್ಟ್ ಬೇಡ ಎಂದು ಹೇಳಿದೆ. ಮೊದಲ ವಾರ ಎಲ್ಲರಿಗೂ ಕಷ್ಟವಾಯಿತು. ಒಂದೊಂದು ಶಾಟ್ ನಾಲ್ಕು ಸಲ ಆದದ್ದುಂಟು. ಹೊತ್ತು ಹೋಗುತ್ತದೆ ಎಂಬ ಅವರ ಮಾತು ನ್ಯಾಯವೇ. ಕೊನೆಗೆ ಒಂದು ಒಪ್ಪಂದವಾಯಿತು. ಬರೆದ ಹಾಳೆ ರಾತ್ರಿ ಎಷ್ಟು ಹೊತ್ತಿಗೆ ಸಿದ್ಧವಾದರೂ ನನ್ನ ಮೊಬೈಲಿಗೆ ಬರುತ್ತದೆ. ನಾನು ಐದಕ್ಕೆ ಎದ್ದು ಕಲಿಯುತ್ತೇನೆ. ಬಾರದ ದಿನ ಮಾತ್ರ ಪ್ರಾಂಪ್ಟ್. ಇದೇ ಸರಿ, ಉಳಿದವರೂ ಹೀಗೆ ಮಾಡಬೇಕು ಎಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ಒಂದು ಮನೆಯಲ್ಲಿ ತಾಯಿ, ಮಧ್ಯಾಹ್ನ ಇನ್ನೊಂದು ಮನೆಯಲ್ಲಿ ಚಿಕ್ಕಮ್ಮ ಎಂದು ದುಡಿಯುವವರಿಗೆ ಅದು ಆಗದ ಮಾತು. ರಂಗಕ್ಕೂ ಹೋಗುವ ನನ್ನಂಥವಳಿಗೆ ಬೇರೆ ದಾರಿಯಿಲ್ಲ ಅಷ್ಟೆ.

ಕಂಪನಿ ನಾಟಕಗಳನ್ನು ಕಂಡ ಹಿರಿಯ ಕಲಾವಿದರೊಬ್ಬರು ಆ ದಿನಗಳಲ್ಲಿ ಚಿತ್ರನಟ ಬಾಲಣ್ಣನವರ ವಿಷಯ ಹೇಳಿದರು. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಅದರ ಅರ್ಥ ಏನೆಂದು ಯೋಚಿಸಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ಅಷ್ಟು ಕರಾರುವಾಕ್ಕಾಗಿ ಮಾತು ಒಪ್ಪಿಸುತ್ತಿದ್ದ ಮನುಷ್ಯ, ತನ್ನ ಸಾಲಿನ ಜೊತೆಗೆ ಇತರರ ಸಾಲುಗಳನ್ನೂ ಮನಸ್ಸಿನಲ್ಲಿ ತುಂಬಿಕೊಳ್ಳದೆ ಅದು ಹೇಗೆ ಸಾಧ್ಯ? ನಾನು ಹುಡುಗನ ಮಾತುಗಳನ್ನೂ ಕಲಿತೆ. ಆಗ ಹೊಳೆಯಿತು, ಏಳು ತಿಂಗಳ ತಾಲೀಮಿನಲ್ಲಿ ಅವನ ಒಂದು ಸಾಲೂ ನನಗೆ ಬಾಯಿಗೆ ಬಂದಿರಲಿಲ್ಲ. ತಿರುಗಾಟದ ಬಸ್ಸಿನಲ್ಲಿ ಎಲ್ಲರ ಮಾತೂ ಎಲ್ಲರಿಗೂ ಬರುತ್ತಿತ್ತು.

ಮುಂದಿನ ಪ್ರದರ್ಶನ ಸಂಕ್ರಾಂತಿ ಕಳೆದು ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ. ಹಾವೇರಿಗೆ ಹತ್ತಿರವಲ್ಲವೇ, ಈ ಸಲ ಬಂದೇ ಬರುತ್ತಾರೆ ಎಂದುಕೊಂಡು ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಇರಿಸಿದ್ದೆ. ಬರಲಾಗಲಿಲ್ಲ. ಅದು ಮೆಣಸಿನಕಾಯಿ ಬಿಡಿಸುವ ಕಾಲ. ಆಳು ಸಿಕ್ಕ ದಿನ ಹೊಲ ಬಿಟ್ಟು ಬರುವ ಹಾಗಿಲ್ಲ. ನಾಟಕ ಮುಗಿದು ಟೆಂಪೋಕ್ಕೆ ಸಾಮಾನು ಹೇರುವಾಗ ಅವನು ಮನೆಗೆ ಫೋನ್ ಮಾಡಿದ. ಎರಡು ಮಾತಾಡಿ, “ಅವ್ವ ನಿಮ್ಮ ಹತ್ತಿರ ಮಾತಾಡಬೇಕಂತೆ” ಎಂದು ನನ್ನ ಕೈಗೆ ಕೊಟ್ಟ.

“ಅಕ್ಕಾರೆ, ಇವತ್ತು ನಮ್ಮ ಹುಡುಗ ಬಂದನೇ?”

“ಬಂದ. ಹಸು ಬಿಚ್ಚಿದ” ಎಂದೆ.